ಗುಹೆಯಲ್ಲಿ ಕೇಳಿದ ‘ಓ’

ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನಲ್ಲಿ ನನ್ನದು ಎಸಿ ರಿಪೇರಿ ಕೆಲಸ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಆದ್ದರಿಂದ ದಯವಿಟ್ಟು ನನ್ನ ಕಿವಿಯ ಮೇಲೆ ಅನುಮಾನ ಬೇಡ.

ಕಳೆದ ಈದ್ ರಜೆಗೆ ಹೆಂಡತಿ ಅಮಿತಾಳೊಂದಿಗೆ ಕ್ರೂಸ್‌ಗೆ ಹೋಗಿದ್ದೆ. ಹಡಗು ಗ್ರೀಸ್‌ನ ಒಂದು ದ್ವೀಪದಲ್ಲಿ ನಿಂತಾಗ ನಮ್ಮನ್ನು ಗುಹೆ ನೋಡಲು ಕರೆದೊಯ್ದರು. ಒಳಗೆ ಒಂದು ಹನಿ ನೀರು ಬಿದ್ದರೂ ಮಾರ್ದನಿ ಬರುತ್ತಿತ್ತು. ಯಾರದಾದರೂ ಹೆಸರು ಕೂಗಿ ನೋಡಿ ಎಂದ ಗೈಡ್.

“ಅಮಿತಾ” ಎಂದು ಕೂಗಿದೆ. ನನ್ನ ಕೂಗೂ ಸೇರಿ ಆ ಹೆಸರು ನಾಲ್ಕು ಸಲ ಕೇಳಿಸಿತು. ಆಮೇಲೆ ಕತ್ತಲೊಳಗಿಂದ ಯಾರೋ “ಓ” ಎಂದು ಓಗೊಟ್ಟರು.

ಅಮಿತಾ ನನ್ನ ಕೈ ಹಿಡಿದೇ ನಿಂತಿದ್ದಳು. “ನಾನಲ್ಲ ಮಾರಾಯ್ರೆ,” ಎಂದು ನಕ್ಕಳು. “ಆದ್ರೆ ಸ್ವರ ನನ್ನದೇ ಅಲ್ವಾ?”

ಹೌದು, ಅವಳದೇ. ಆದರೆ ಆ “ಓ”ಗೆ ಮಾತ್ರ ಮಾರ್ದನಿ ಇರಲಿಲ್ಲ. ಪಕ್ಕದ ಕೋಣೆಯಿಂದ ಹೇಳಿದ ಹಾಗೆ ಒಂದೇ ಸಲ ಕೇಳಿಸಿತು. ಅದರ ಬೆನ್ನಿಗೇ ಕುಕ್ಕರಿನ ವಿಸಿಲ್ ಕೂಡ ಕೇಳಿಸಿತು. ಅಡುಗೆಯ ವಾಸನೆಯೇ ಇಲ್ಲದ ಆ ಗುಹೆಯಲ್ಲಿ ಕುಕ್ಕರ್ ಎಲ್ಲಿಂದ ಬರಬೇಕು?

ಮೊನ್ನೆ ಭಾನುವಾರ ಸಂಜೆ ಮಿರ್ದಿಫ್‌ನ ನಮ್ಮ ಫ್ಲ್ಯಾಟಿನಲ್ಲಿ ಬಾಯಿ ತುಂಬ ಚಕ್ಕುಲಿ ಇಟ್ಟುಕೊಂಡು ಟಿವಿ ನೋಡುತ್ತಿದ್ದೆ. ಅಡುಗೆಮನೆಯಿಂದ ಅಮಿತಾ “ಓ” ಎಂದಳು. ಬೆನ್ನಿಗೇ ಕುಕ್ಕರ್ ಕೂಗಿತು. ನಾನು ಜಗಿಯುವುದನ್ನು ನಿಲ್ಲಿಸಿದೆ.

ಅವಳು ಕೈ ಒರೆಸಿಕೊಳ್ಳುತ್ತಾ ಹಾಲ್‌ಗೆ ಬಂದಳು.

“ಒಂದು ಸಲ ಕರೆದ್ರೆ ಸಾಲದಾ? ನಾಲ್ಕು ಸಲ ಕರೀಬೇಕಾ? ಅದೂ ಬಾವಿಯೊಳಗಿಂದ ಕರೆದ ಹಾಗೆ!”