ಶನಿವಾರ ನಾಲ್ಕು ಗಂಟೆಯ ಕಳ್ಳ

ಲೋಕನಾಥ ಕಳ್ಳತನ ಮಾಡುವುದೆಂದು ತೀರ್ಮಾನಿಸಿದ್ದು ಮಗಳ ಮದುವೆಯ ಮಾತು ಮುರಿದು ಬಿದ್ದ ದಿನ. ಅದಕ್ಕೆ ಮೊದಲು ಮೂರು ವರ್ಷವೂ ಅವನು ಕಳ್ಳನೇ ಆಗಿದ್ದ. ಆದರೆ ಅದು ಬರೀ ಪರೀಕ್ಷೆಯ ಲೆಕ್ಕಕ್ಕೆ.

ಹಂಪನಕಟ್ಟೆಯ ಓಣಿಯೊಂದರಲ್ಲಿ ಅವನದು ಗಡಿಯಾರ, ಗ್ರಾಮಫೋನು ರಿಪೇರಿಯ ಪುಟ್ಟ ಅಂಗಡಿ. ೧೯೩೪ರ ಸುಮಾರಿಗೆ, ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡಿ ದೊಡ್ಡವರಾದ ಪೂವಪ್ಪ ಸಾಹುಕಾರರು ಬೋಳಾರದ ತಮ್ಮ ಹೊಸ ಮಾಳಿಗೆ ಮನೆಗೆ ಅವನನ್ನು ಕರೆಸಿದರು. ಮೇಜಿನ ಮೇಲೆ ಬೊಂಬಾಯಿಯಿಂದ ಬಂದ ಮರದ ಪೆಟ್ಟಿಗೆ. ಒಳಗೆ ತಂತಿಯ ಸುರುಳಿ, ಹಿತ್ತಾಳೆಯ ಪಟ್ಟಿಗಳು, ನಾಲ್ಕು ಗಾಜಿನ ಭರಣಿ, ಊಟದ ಬಟ್ಟಲಿನಷ್ಟು ದೊಡ್ಡ ಒಂದು ಗಂಟೆ.

"ಇದು ಕಳ್ಳಗಂಟೆ," ಎಂದರು ಸಾಹುಕಾರರು, ಸ್ವಂತ ಮಗುವನ್ನು ತೋರಿಸುವಂತೆ. "ಕಳ್ಳ ಬಾಗಿಲೋ ಕಿಟಕಿಯೋ ತೆರೆದರೆ ಸಾಕು, ಬೊಬ್ಬೆ ಹಾಕ್ತದೆ. ಈ ಊರಿನಲ್ಲಿ ಕಲೆಕ್ಟರ್ ಸಾಹೇಬರ ಮನೆಯಲ್ಲಿ ಸಹ ಇಲ್ಲ. ಕೂಡಿಸ್ಲಿಕ್ಕೆ ನಿನ್ನಿಂದ ಆಗ್ತದಾ?"

"ಆಗ್ತದೆ, ಸಾಹುಕಾರ್ರೇ," ಎಂದ ಲೋಕನಾಥ. ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ನಿಘಂಟು ಇಟ್ಟುಕೊಂಡು ಎಂಟು ದಿನ ಓದಿದ. ಗಂಟೆಗೆ ಕರೆಂಟು ಕೊಡುವ ಭರಣಿಗಳಿಗೆ ನವಸಾಗರದ ನೀರು ತುಂಬಿಸಿದ. ಪ್ರತಿ ಬಾಗಿಲಿಗೆ, ಪ್ರತಿ ಕಿಟಕಿಗೆ ತಂತಿ ಎಳೆದು, ಅದನ್ನು ಮರದ ಸಂದಿನಲ್ಲಿ ಕಾಣದಂತೆ ಅಡಗಿಸಿದ. ಹದಿಮೂರನೆಯ ದಿನ ಗಂಟೆ ಮೊದಲ ಸಲ ಬೊಬ್ಬೆ ಹಾಕಿದಾಗ ಅವನ ಕಣ್ಣಲ್ಲಿ ನೀರು ಬಂದಿತ್ತು.

ಗೃಹಪ್ರವೇಶಕ್ಕೆ ಊರ ಗಣ್ಯರು ಐವತ್ತು ಮಂದಿ ಬಂದರು. "ಬೊಂಬಾಯಿಯ ಇಂಜಿನಿಯರು ಬಂದು ಕೂಡಿಸಿದ್ದು," ಎಂದು ಸಾಹುಕಾರರು ಅವರಿಗೆಲ್ಲ ಹೇಳಿದರು. ಲೋಕನಾಥ ಅಲ್ಲೇ ಕಂಬದ ಹತ್ತಿರ ನಿಂತಿದ್ದ. ಆಮೇಲೆ ಗಂಟೆ ಬಾರಿಸಿ ತೋರಿಸಬೇಕಾಯಿತು. ಬಾರಿಸಬೇಕಾದರೆ ಕಳ್ಳನೊಬ್ಬ ಬೇಕಲ್ಲ?

"ಲೋಕನಾಥ, ನೀನೇ ಆಗು ಮಾರಾಯ. ನಿನಗೆ ಆ ಮೋರೆ ಉಂಟು."

ಐವತ್ತು ಮಂದಿ ನಕ್ಕರು. ಲೋಕನಾಥ ಹಿತ್ತಿಲಿಗೆ ಹೋಗಿ ಉಗ್ರಾಣದ ಕಿಟಕಿಯ ಸರಳುಗಳ ಸಂದಿನಿಂದ ಹೇಗೋ ನುಸುಳಿದ. ಗಂಟೆ ಬಡಿದುಕೊಂಡಿತು. ಚಪ್ಪಾಳೆಯೋ ಚಪ್ಪಾಳೆ.

ಅಂದಿನಿಂದ ಪ್ರತಿ ಶನಿವಾರ ಸಂಜೆ ಸರಿಯಾಗಿ ನಾಲ್ಕಕ್ಕೆ ಪರೀಕ್ಷೆ ಎಂದಾಯಿತು. ನೆಂಟರು ಬಂದರೆ ನೆಂಟರ ಎದುರು, ಯಾರೂ ಬಾರದಿದ್ದರೆ ಸಾಹುಕಾರರೊಬ್ಬರ ಎದುರು. ಕಳ್ಳನಿಗೆ ಒಳಗೆ ಬರಲು ಅನುಕೂಲವಾಗಲೆಂದು ಆ ಉಗ್ರಾಣದ ಕಿಟಕಿಯ ಸರಳುಗಳನ್ನೇ ಸಾಹುಕಾರರು ಕಿತ್ತು ಹಾಕಿಸಿದರು. "ಸರಳು ಇದ್ದರೆ ಕಳ್ಳ ಬರುವುದು ಹೇಗೆ? ಕಳ್ಳ ಬಾರದಿದ್ದರೆ ಗಂಟೆ ಬಾರಿಸುವುದು ಹೇಗೆ?" ಎಂಬುದು ಅವರ ವಾದ.

ಮೊದಲ ಶನಿವಾರ ನೆರೆಕರೆಯವರು ದೊಣ್ಣೆ ಹಿಡಿದು ಓಡಿ ಬಂದರು. ಎರಡನೆಯ ಶನಿವಾರ ನಡೆದುಕೊಂಡು ಬಂದರು. ಮೂರು ತಿಂಗಳಾಗುವಾಗ ಗಂಟೆ ಎಷ್ಟು ಬೊಬ್ಬೆ ಹಾಕಿದರೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆದರೆ ಲೋಕನಾಥನ ಹೆಸರು ಮಾತ್ರ ಉಳಿಯಿತು. ಬೋಳಾರದಿಂದ ಬಂದರಿನವರೆಗೆ ಅವನು "ಪೂವಪ್ಪ ಸಾಹುಕಾರರ ಕಳ್ಳ". ಯಾರೂ ದ್ವೇಷದಿಂದ ಹಾಗೆ ಕರೆಯುತ್ತಿರಲಿಲ್ಲ. ಪ್ರೀತಿಯಿಂದಲೇ ಕರೆಯುತ್ತಿದ್ದರು. ಅದೇ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಮಗಳು ಚಂಪಾಳಿಗೆ ಉಳ್ಳಾಲದ ಕಡೆಯ ಸಂಬಂಧವೊಂದು ಬಂತು. ಹುಡುಗನಿಗೆ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಹುಡುಗನ ಸೋದರಮಾವ ಮನೆಗೆ ಬಂದವನು ಲೋಕನಾಥನನ್ನು ನೋಡಿದ್ದೇ, "ಓ, ಇವರು ನಮ್ಮ ಪೂವಪ್ಪ ಸಾಹುಕಾರರ ಕಳ್ಳ ಅಲ್ವಾ?" ಎಂದು ಬಾಯಿ ತುಂಬ ನಕ್ಕ. ಚಾ ಕುಡಿದು ಹೋದವರಿಂದ ಹದಿನೈದು ದಿನ ಸುದ್ದಿ ಇಲ್ಲ. ಕೊನೆಗೆ, ಹುಡುಗನ ತಾಯಿಗೆ ಆ ಹೆಸರು ಸರಿ ಕಾಣಲಿಲ್ಲವಂತೆ ಎಂದು ಮಧ್ಯಸ್ಥನ ಮೂಲಕ ಮಾತು ಬಂತು.

"ಶನಿವಾರ ಶನಿವಾರ ಅಲ್ಲಿ ಹೋಗಿ ಮಂಗನ ಹಾಗೆ ಕುಣಿದದ್ದಕ್ಕೆ ಇದು ಬಹುಮಾನ," ಎಂದಳು ಹೆಂಡತಿ ಮೋಹಿನಿ. ಗೆರಸೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದ ಚಂಪಾ, ಆರಿಸಿ ಮುಗಿದಿದ್ದ ಅಕ್ಕಿಯನ್ನೇ ಮತ್ತೆ ಮೊದಲಿನಿಂದ ಆರಿಸತೊಡಗಿದಳು. ಲೋಕನಾಥ ಅದನ್ನು ನೋಡಿದ. ಹೆಸರು ಹೇಗೂ ಬಂದಾಗಿದೆ, ಇನ್ನು ಕೆಲಸ ಒಂದು ಬಾಕಿ ಎಂದುಕೊಂಡ.

ಕದಿಯುವುದು ಏನನ್ನು ಎಂಬ ಬಗ್ಗೆ ಅವನಿಗೆ ಸಂಶಯವಿರಲಿಲ್ಲ. ಸಾಹುಕಾರರ ಹೆಂಡತಿ ವಾರಿಜಾಕ್ಷಿಯಮ್ಮನ ಸೊಂಟಪಟ್ಟಿ ಮೂವತ್ತು ಪವನಿನದ್ದು. ಅದು ಮಾಳಿಗೆಯ ಕೋಣೆಯ ಕಪಾಟಿನಲ್ಲಿರುತ್ತದೆ. ಆ ಕಪಾಟಿಗೆ ಬೀಗವಿಲ್ಲ. "ಗಂಟೆ ಉಂಟಲ್ಲ, ಬೀಗ ಎಂತಕ್ಕೆ?" ಎಂದು ಸಾಹುಕಾರರೇ ತೆಗೆಸಿದ್ದರು. ಪಟ್ಟಿ ಕೈಗೆ ಬಂದರೆ ಸ್ವಲ್ಪ ಸ್ವಲ್ಪವಾಗಿ ಕರಗಿಸಬಹುದು. ಮದ್ರಾಸಿಗೆ ಹೋಗಿ, ಯಾರೂ ಕಳ್ಳ ಎಂದು ಕರೆಯದ ಬೀದಿಯಲ್ಲಿ, 'ಲೋಕನಾಥ, ಇಲೆಕ್ಟ್ರಿಕ್ ಇಂಜಿನಿಯರ್' ಎಂದು ಬೋರ್ಡು ಹಾಕಬಹುದು. ಇಂಜಿನಿಯರನ ಮಗಳಿಗೆ ಗಂಡು ಸಿಗದೆ ಇರುವುದಿಲ್ಲ.

ಹೇಗೆ ಎಂಬುದನ್ನು ಅವನು ಗಡಿಯಾರ ಬಿಚ್ಚಿದ ಹಾಗೆ ಬಿಚ್ಚಿ, ಒಂದೊಂದು ಹಲ್ಲನ್ನೂ ಒರೆಸಿ, ಮತ್ತೆ ಕೂಡಿಸಿ ನೋಡಿದ. ದಡ್ಡನಾದವನು ಮೊದಲು ತಂತಿ ಕತ್ತರಿಸಿಯಾನು. ಗಂಟೆ ಸುಮ್ಮನಾಗುತ್ತದೆ, ಸರಿ. ಆದರೆ ಮಂಗಳೂರಿನಲ್ಲಿ ಆ ತಂತಿ ಎಲ್ಲಿ ಓಡುತ್ತದೆಂದು ಗೊತ್ತಿರುವವನು ಒಬ್ಬನೇ. ಗಂಟೆ ಸುಮ್ಮನಾಯಿತೆಂದರೆ ಪೊಲೀಸರು ನೇರ ಹಂಪನಕಟ್ಟೆಗೆ ಬರುತ್ತಾರೆ. ಆದ್ದರಿಂದ ಗಂಟೆ ಬಾರಿಸಬೇಕು. ಚೆನ್ನಾಗಿ, ಊರಿಗೆಲ್ಲ ಕೇಳುವಂತೆ, ಶನಿವಾರ ನಾಲ್ಕಕ್ಕೆ ಬಾರಿಸಬೇಕು. ಕೇಳಿದವರೆಲ್ಲ ಪರೀಕ್ಷೆ ಎಂದುಕೊಂಡು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಆಮೇಲೆ ಪೊಲೀಸರು ವಿಚಾರಿಸಿದಾಗ, ಗಂಟೆ ಬಾರಿಸುತ್ತಿದ್ದರೂ ಕ್ಯಾರೇ ಅನ್ನದೆ ಒಳಗೆ ನುಗ್ಗಿದ ಯಾರೋ ಮೊದ್ದ ಕಳ್ಳನ ಚಿತ್ರ ಅವರ ಕಣ್ಣ ಮುಂದೆ ನಿಲ್ಲುತ್ತದೆ. ಗಂಟೆಯನ್ನು ಸುಮ್ಮನಾಗಿಸಬಲ್ಲ ಲೋಕನಾಥನ ಹೆಸರನ್ನು ಪಟ್ಟಿಯಿಂದ ಮೊದಲು ಹೊಡೆದುಹಾಕುವವರು ಅವರೇ.

ಇಷ್ಟು ಯೋಚಿಸಿ ಮುಗಿಸಿದ ದಿನ ತನ್ನ ಬುದ್ಧಿಗೆ ಅವನೇ ಮರುಳಾದ. ಇನ್ನು ಬೇಕಾದದ್ದು ಮನೆಯಲ್ಲಿ ಯಾರೂ ಇಲ್ಲದ ಒಂದು ಶನಿವಾರ.

ಅದನ್ನು ಸಾಹುಕಾರರೇ ತಂದು ಕೊಟ್ಟರು. ಮಾರ್ಚ್ ತಿಂಗಳಲ್ಲಿ ಒಂದು ಗುರುವಾರ ಅಂಗಡಿಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಈ ಶನಿವಾರ ನೀನು ಬರುವುದು ಬೇಡ. ಮಲ್ಪೆಯಲ್ಲಿ ನಮ್ಮ ಭಾವನ ಬೊಜ್ಜ. ಬೆಳಿಗ್ಗೆ ಹೊರಟು ಆದಿತ್ಯವಾರ ಬರ್ತೇವೆ. ಯಾರಿಗೂ ಹೇಳಬೇಡ ಮಾರಾಯ. ಮನೆಯಲ್ಲಿ ಯಾರಿಲ್ಲ ಅಂತ ಗೊತ್ತಾದರೆ ಕಳ್ಳರಿಗೆ ಸುಗ್ಗಿ."

"ನಾನು ಯಾರಿಗೆ ಹೇಳ್ಲಿಕ್ಕೆ, ಸಾಹುಕಾರ್ರೇ?" ಎಂದ ಲೋಕನಾಥ.

"ನೆರೆಕರೆಗೂ ಹೇಳ್ಲಿಲ್ಲ. ಬೆಳಕು ಹರಿಯುವ ಮೊದಲೇ ಹೊರಡುವುದು. ಅಡುಗೆಯ ದೇಯಿಯನ್ನೂ ಕರಕೊಂಡು ಹೋಗ್ತೇವೆ."

ಉತ್ತರಕ್ರಿಯೆಯ ಮನೆಗೆ ಯಾರೂ ಮೂವತ್ತು ಪವನು ಸೊಂಟಕ್ಕೆ ಕಟ್ಟಿಕೊಂಡು ಹೋಗುವುದಿಲ್ಲ. ಸಾಹುಕಾರರು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಲೋಕನಾಥ ಅದನ್ನೂ ಲೆಕ್ಕ ಹಾಕಿ ಮುಗಿಸಿದ್ದ.

ಶನಿವಾರ ಊಟ ಮಾಡಿ, ಒಗೆದ ಅಂಗಿ ಹಾಕಿ, ಸಲಕರಣೆಯ ಚೀಲ ಹಿಡಿದು ಎಂದಿನಂತೆ ಹೊರಟ. ಹೊಳೆಯ ಬದಿಯ ಕಾಲುದಾರಿಯಲ್ಲಿ ಹೋದರೆ ಸಾಹುಕಾರರ ಹಿತ್ತಿಲಿಗೆ ಎದುರು ಯಾರೂ ಸಿಗುವುದಿಲ್ಲ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಉಗ್ರಾಣದ ಕಿಟಕಿಯ ಕೆಳಗೆ ನಿಂತು ಕಿಸೆಯ ಗಡಿಯಾರ ನೋಡಿದ. ನೂರೈವತ್ತು ಸಲ ನುಸುಳಿದ ಕಿಟಕಿ ಅದು. ಚೌಕಟ್ಟಿನ ಬಣ್ಣ ಅವನ ಮೊಣಕಾಲು ತಾಗುವಲ್ಲೇ ಸವೆದು ಹೋಗಿತ್ತು. ಮುಳ್ಳು ಹನ್ನೆರಡಕ್ಕೆ ಬಂದೊಡನೆ ಚೂರಿಯ ತುದಿಯಿಂದ ಅಗುಳಿ ಎತ್ತಿ, ಕದ ತಳ್ಳಿ, ಕಿವಿ ಗಟ್ಟಿ ಮಾಡಿಕೊಂಡು ಒಳಗೆ ಹಾರಿದ.

ಗಂಟೆ ಬಾರಿಸಲಿಲ್ಲ.

ಲೋಕನಾಥ ನಿಂತಲ್ಲೇ ನಿಂತ. ಮೊದಲು ಅವನಿಗಾದದ್ದು ಹೆದರಿಕೆಯಲ್ಲ, ಅವಮಾನ. ಮೂರು ವರ್ಷದಲ್ಲಿ ಒಮ್ಮೆಯೂ ಕೈಕೊಡದ ಗಂಟೆ! ಕದವನ್ನು ಮುಚ್ಚಿ ಮತ್ತೆ ತೆರೆದ. ಸದ್ದಿಲ್ಲ. ಕದ್ದು ಓಡಬೇಕಾದವನು, ರಿಪೇರಿಯವನ ಸಿಟ್ಟಿನಲ್ಲಿ ದಡದಡ ನಡೆದು ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ಬಾಗಿಲು ತೆಗೆದ. ಭರಣಿಗಳಲ್ಲಿ ನೀರು ತುಂಬಿತ್ತು. ತಂತಿಗಳು ಬಿಗಿಯಾಗಿದ್ದವು. ಪಕ್ಕದ ಗೋಡೆಯಲ್ಲಿ ಗಂಟೆಯ ಸ್ವಿಚ್ಚು ಮಾತ್ರ ಕೆಳಗಿತ್ತು.

ಅವನಿಗೆ ನಗು ತಡೆಯಲಾಗಲಿಲ್ಲ. "ಉಪಯೋಗ ಇಲ್ಲದಾಗ ಸ್ವಿಚ್ಚು ಕೆಳಗೆ ಮಾಡಿ, ಭರಣಿ ಬೇಗ ಸೋಲುವುದಿಲ್ಲ," ಎಂದು ಹಿಂದೆ ಅವನೇ ಹೇಳಿಕೊಟ್ಟಿದ್ದ. ಮನೆಯಲ್ಲಿ ಕೇಳುವವರೇ ಇಲ್ಲದ ಮೇಲೆ ಗಂಟೆಯಿಂದ ಏನು ಉಪಯೋಗ ಎಂದು ಸಾಹುಕಾರರು ತೀರ್ಮಾನಿಸಿದ್ದರು. ಬೀಗವಿಲ್ಲದ ಕಪಾಟು, ಸರಳಿಲ್ಲದ ಕಿಟಕಿ, ಬಾಯಿ ಕಟ್ಟಿದ ಗಂಟೆ! ಇಷ್ಟನ್ನೂ ಸಜ್ಜು ಮಾಡಿಟ್ಟು ಅವರು ಮಲ್ಪೆಗೆ ಹೋಗಿದ್ದರು.

ಸ್ವಿಚ್ಚನ್ನು ಮೇಲೆ ಮಾಡಲು ಅವನ ಕೈ ಹೋಯಿತು. ಆದರೆ ಅರ್ಧದಲ್ಲೇ ನಿಂತಿತು. ಗಂಟೆ ಸುಮ್ಮನಿದ್ದರೆ ಅನುಮಾನ ತನ್ನ ಮೇಲೆ ಎಂದುಕೊಂಡದ್ದು ನಿಜ. ಆದರೆ ಸುಮ್ಮನಾಗಿಸಿದ್ದು ತಾನಲ್ಲವಲ್ಲ! ಸ್ವಿಚ್ಚು ಯಾರು ಕೆಳಗೆ ಮಾಡಿದ್ದು ಎಂದು ಪೊಲೀಸರು ಕೇಳುತ್ತಾರೆ. ಸಾಹುಕಾರರು ಊರೆಲ್ಲರ ಎದುರು "ನಾನೇ" ಎನ್ನಬೇಕಾಗುತ್ತದೆ. ಐವತ್ತು ಮಂದಿ ಈ ಸಲ ಯಾರ ಮೋರೆ ನೋಡಿ ನಗುತ್ತಾರೆ? ಇಷ್ಟು ಒಳ್ಳೆಯದನ್ನು ಅವನು ಯೋಜನೆಯಲ್ಲಿ ಸೇರಿಸಿಯೇ ಇರಲಿಲ್ಲ. ಸ್ವಿಚ್ಚನ್ನು ಹಾಗೆಯೇ ಬಿಟ್ಟ.

ಮಾಳಿಗೆಗೆ ಹತ್ತಿದ. ಸೊಂಟಪಟ್ಟಿ ಎರಡು ಸೀರೆಗಳ ಅಡಿಯಲ್ಲಿ ತಣ್ಣಗೆ ಮಲಗಿತ್ತು. ಚೀಲದಲ್ಲಿ ಹಾಕಿದರೆ ಸಲಕರಣೆ ತಾಗಿ ಗೀರು ಬೀಳಬಹುದೆಂದು ಅಂಗಿಯ ಒಳಗೆ ಸೊಂಟಕ್ಕೇ ಕಟ್ಟಿಕೊಂಡ. ಅವಸರವೇನೂ ಇರಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಕೂರು ಎನ್ನದ ಆ ಮನೆಯಲ್ಲಿ, ಸಾಹುಕಾರರ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಸ್ವಲ್ಪ ಹೊತ್ತು ಕೂತ. ಮದ್ರಾಸಿನ ಬೋರ್ಡಿನ ಅಕ್ಷರಗಳು ನೀಲಿಯಾಗಿರಲಿ ಎಂದು ನಿರ್ಧರಿಸಿದ. ಎದ್ದಾಗ ನಾಲ್ಕೂ ಕಾಲು ದಾಟಿತ್ತು.

ಕಿಟಕಿಯಿಂದ ಮೊದಲು ಕಾಲು ಹೊರಗೆ ಹಾಕಿ, ತಿರುಗಿ ನೋಡಿದರೆ, ಹಿತ್ತಿಲು ತುಂಬ ಜನ.

ಮುಂದೆ ಕೊಡೆ ಹಿಡಿದು ನಿಂತವರು ಎದುರು ಮನೆಯ ವಿನಿಫ್ರೆಡ್ ಬಾಯಿ, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರ ಪಕ್ಕದಲ್ಲಿ ದೋಣಿಯ ಹುಟ್ಟನ್ನು ದೊಣ್ಣೆಯಂತೆ ಎತ್ತಿಕೊಂಡ ನೆರೆಯ ಅಂಬಿಗ ಸೇಸಪ್ಪ. ಹಿಂದೆ ಬೀಡಿ ಕಟ್ಟುವ ಹೆಂಗಸರು ಏಳೆಂಟು ಮಂದಿ, ಒಬ್ಬ ಪೊಲೀಸ್ ಪೇದೆ.

"ಅಯ್ಯೋ, ನಮ್ಮ ಲೋಕನಾಥ!" ಎಂದು ಸೇಸಪ್ಪ ಹುಟ್ಟನ್ನು ಕೆಳಗಿಳಿಸಿದ. ಎಲ್ಲರ ಮುಖವೂ ಸಡಿಲವಾಯಿತು.

"ಪರೀಕ್ಷೆ," ಎಂದ ಲೋಕನಾಥ. "ಪರೀಕ್ಷೆಗೆ ಬಂದದ್ದು."

"ಅದೇ ಅಲ್ವಾ. ಬನ್ನಿ, ಇಳೀರಿ," ಎಂದು ಸೇಸಪ್ಪ ಪ್ರೀತಿಯಿಂದ ಅವನ ಕೈ ಹಿಡಿದು ಕೆಳಗೆ ಎಳೆದುಕೊಂಡ. ವಾರಿಜಾಕ್ಷಿಯಮ್ಮನ ಅಳತೆಗೆ ಮಾಡಿಸಿದ ಪಟ್ಟಿ ಲೋಕನಾಥನ ಬಡಕಲು ಸೊಂಟದಲ್ಲಿ ನಿಲ್ಲುವಂಥದ್ದಲ್ಲ. ಅದು ಜಾರಿ, ಅಂಗಿಯ ಅಡಿಯಿಂದ ಕಿಟಕಿಯ ಕೆಳಗಿನ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಝಣ್ಣೆಂದು ಬಿತ್ತು.

ಪೇದೆ ಬಗ್ಗಿ ಅದನ್ನು ಹೆಕ್ಕಿಕೊಂಡ. ಯಾರೂ ನಗಲಿಲ್ಲ. ಸೇಸಪ್ಪ ಹಿಡಿದ ಕೈಯನ್ನು ಬಿಡಲಿಲ್ಲ, ಆದರೆ ಹಿಡಿತ ಬೇರೆಯಾಯಿತು. ಲೋಕನಾಥನಿಗೆ ತಪ್ಪಿಸಿಕೊಳ್ಳುವ ಯೋಚನೆಗಿಂತ ಒಂದು ಸಂಶಯವೇ ದೊಡ್ಡದಾಗಿ ಕಾಡಿತು. "ಗಂಟೆ ಬಾರಿಸ್ಲೇ ಇಲ್ಲವಲ್ಲ," ಎಂದ, ಹೆಚ್ಚುಕಡಿಮೆ ದೂರುವ ದನಿಯಲ್ಲಿ. "ಮತ್ತೆ ನೀವೆಲ್ಲ ಎಂತಕ್ಕೆ ಬಂದದ್ದು?"

ವಿನಿಫ್ರೆಡ್ ಬಾಯಿ ಮೆಟ್ಟಿಲ ಬದಿಯಲ್ಲಿ ನಿಂತು, ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ಅವನನ್ನು ನೋಡಿದರು. "ಬಾರಿಸ್ಲಿಲ್ಲ ಅಂತಲೇ ಬಂದದ್ದು," ಎಂದರು. "ಮೂರು ವರ್ಷದಲ್ಲಿ ಶನಿವಾರ ನಾಲ್ಕಕ್ಕೆ ಬಾರಿಸದೆ ಇದ್ದದ್ದು ಉಂಟಾ? ನಾನು ಚಾಕ್ಕೆ ನೀರು ಇಡುವುದೇ ಆ ಗಂಟೆ ಕೇಳಿ. ಈ ಹೆಂಗಸರು ಬೀಡಿಯ ಮೊರ ಎತ್ತಿಡುವುದೂ ಅದನ್ನು ಕೇಳಿಯೇ. ಇವತ್ತು ಹತ್ತು ನಿಮಿಷ ಕಾದೆವು. ಸದ್ದಿಲ್ಲ. ಸಾಹುಕಾರರಿಗೆ ಎಂತದೋ ಆಗಿದೆ ಅಂತ ಹೆದರಿ, ಪೇದೆಯನ್ನೂ ಕರಕೊಂಡು ಓಡಿ ಬಂದೆವು."