ಹತ್ತು ಗಂಟೆಯೊಳಗೆ ಉತ್ತರ

ಬೆಳಗ್ಗೆ ಒಂಬತ್ತೂವರೆಗೆ ಡೈರಿ ಮೇಡಂ ತನ್ನ ಮೇಜಿನ ಡ್ರಾಯರ್ ಎಳೆದಳು. ಒಳಗೆ ಒಂದೇ ಒಂದು ಚೀಟಿ, ಬೈಂಡರನ ದುಂಡು ಅಕ್ಷರ. 'ದೊಡ್ಡ ಪ್ರೆಸ್ಸಿನವರು ಕೆಲಸಕ್ಕೆ ಕರೆದಿದ್ದಾರೆ. ಹೋಗಲಾ?'

ಅವಳು ಗಡಿಯಾರ ನೋಡಿದಳು, ಉತ್ತರಕ್ಕೆ ಇನ್ನು ಅರ್ಧ ಗಂಟೆ.

ಡೈರಿ ತಯಾರಿಸುವ ಎರಡೇ ಕೋಣೆಯ ಕಾರ್ಖಾನೆ ಅದು. ಡೈರಿಗಳ ಪುಟಪುಟಕ್ಕೂ ಬೇಕಾದ ನಾಲ್ಕು ಒಳ್ಳೆಯ ಮಾತು ಅವಳದು. ಹೊಲಿಗೆ, ರಟ್ಟು, ಗೋಂದು ಅವನದು. ಹಾಳೆ ಮಡಚುವುದು ಅವಳ ಚಿಕ್ಕಮ್ಮನದು. ಶುರುವಿನಲ್ಲಿ ಅವಳೂ ಬೈಂಡರನೂ ಹಾವು ಮುಂಗುಸಿಯಂತೆ ಕಚ್ಚಾಡಿ, ಸಿಟ್ಟಿನಲ್ಲಿ ಏನೇನೋ ತೀರ್ಮಾನ ಮಾಡಿ ಕೈ ಸುಟ್ಟುಕೊಂಡ ಮೇಲೆ ಅವಳೇ ಒಂದು ರೂಲ್ ತಂದಳು. ದೊಡ್ಡ ವಿಷಯ ಏನಿದ್ದರೂ ಚೀಟಿ ಬರೆದು ಡ್ರಾಯರಿಗೆ ಹಾಕಬೇಕು. ಮರುದಿನ ಬೆಳಗ್ಗೆ ಹತ್ತರೊಳಗೆ ಇನ್ನೊಬ್ಬರು ಉತ್ತರ ಬರೆಯಬೇಕು. ಬರೆಯದಿದ್ದರೆ 'ಬೇಡ' ಎಂದೇ ಅರ್ಥ, ಚೀಟಿ ಹಾಕಿದವರು ಮತ್ತೆ ಆ ಮಾತು ಎತ್ತುವ ಹಾಗಿಲ್ಲ.

ರೂಲಿನಿಂದ ಕಾರ್ಖಾನೆಯೇನೋ ಉದ್ಧಾರವಾಯಿತು. ಮನುಷ್ಯರ ಕಥೆ ಬೇರೆ.

ಮೂರು ತಿಂಗಳ ಹಿಂದೆ ಇದೇ ಡ್ರಾಯರಿನಲ್ಲಿ ಅವನ ಇನ್ನೊಂದು ಚೀಟಿ ಇತ್ತು. 'ನನ್ನನ್ನು ಮದುವೆಯಾಗ್ತೀರಾ?' ಅವಳು ಹತ್ತು ಸಲ ಓದಿದಳು. ನಾಳೆ ಪ್ರೀತಿ ಕೆಟ್ಟರೆ ಕೆಲಸವೂ ಕೆಡುತ್ತದಲ್ಲ, ಕಷ್ಟಪಟ್ಟು ಕಟ್ಟಿದ್ದೆಲ್ಲ ಮಣ್ಣುಪಾಲಾದರೆ? ಹೂಂ ಅನ್ನಲು ಧೈರ್ಯವಿಲ್ಲ, ಊಹೂಂ ಅನ್ನಲು ಮನಸ್ಸಿಲ್ಲ. ಪೆನ್ನು ಹಿಡಿದು ಕೂತೇ ಹತ್ತು ಗಂಟೆ ದಾಟಿಸಿ, ಚೀಟಿಯನ್ನು ತನ್ನ ಡೈರಿಯೊಳಗೆ ಬಚ್ಚಿಟ್ಟುಕೊಂಡಳು. ಅವನು ಬಂದ, ಅವಳ ಮುಖ ನೋಡಿದ, ಗೋಂದು ಕಲಸಲು ಹೋದ. ಅಂದಿನಿಂದ ಟೀ ಹೊತ್ತಿನಲ್ಲಿ ಅವಳೆದುರು ಕೂರುವುದನ್ನು ಬಿಟ್ಟ.

ತಮಾಷೆ ಕೇಳಿ, ಅದೇ ವಾರ ಹೊಸ ಡೈರಿಯ ಮೊದಲ ಪುಟಕ್ಕೆ ಅವಳು ಬರೆದದ್ದು: 'ಹೇಳಬೇಕಾದ್ದನ್ನು ಇವತ್ತೇ ಹೇಳಿ.' ಎರಡು ಸಾವಿರ ಪ್ರತಿ. ಒಂದೊಂದನ್ನೂ ಹೊಲಿದವನು ಅವನೇ!

"ಏನೇ, ಮುಖ ಬಿಳಿಚಿಕೊಂಡಿದೆ?" ಚಿಕ್ಕಮ್ಮ ಹಾಳೆ ಮಡಚುತ್ತಲೇ ಕೇಳಿದಳು.

"ಬೈಂಡರ್ ಕೆಲ್ಸ ಬಿಡ್ತಾರಂತೆ ಚಿಕ್ಕಮ್ಮ."

"ಬಿಡ್ದೆ ಇನ್ನೇನ್ ಮಾಡ್ತಾನೆ? ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ ವಿಷ್ಯ ಬಂದ್ರೆ ಬಾಯಿಗೆ ಬೀಗ."

"ನಾನು ಏನೂ ಬರೀದೆ ಇದ್ರೆ ಅವ್ರು ಹೋಗೋ ಹಾಗಿಲ್ಲ. ರೂಲ್ ಪ್ರಕಾರ ಅದು ಬೇಡ ಅಂತ. ಅವ್ರು ಮಾತಿಗೆ ತಪ್ಪೋರಲ್ಲ."

"ಹಾಗಾದ್ರೆ ಸುಮ್ನೆ ಕೂತ್ಕೋ ತಾಯಿ. ಕಟ್ಟಿಹಾಕಿದ ಹಾಗೆ ಬಿದ್ದಿರ್ತಾನೆ. ನೀನೂ ಆರಾಮ."

ಆ ಮಾತು ಚುರುಕ್ಕೆಂದು ನಾಟಿತು. ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಹತ್ತಕ್ಕೆ ಐದು ನಿಮಿಷ.

ಬೈಂಡರ್ ಒಳಗೆ ಬಂದವನೇ ಗೋಡೆಗೊರಗಿ ನಿಂತ. ಉಗುರಿನ ಅಂಚಿನಲ್ಲಿ ನಿನ್ನೆಯ ಗೋಂದು ಇನ್ನೂ ಒಣಗಿಕೊಂಡಿತ್ತು. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅವನ ಕಣ್ಣು ಆ ಬೆರಳುಗಳ ಮೇಲೇ ಇತ್ತು.

"ಬರೀದೆ ಇದ್ರೂ ನಡೆಯುತ್ತೆ ಮೇಡಂ," ಅಂದ. "ನಿಮಗೆ ಅಭ್ಯಾಸ ಇದೆ."

ಸುಮ್ಮನಿದ್ದು ಒಮ್ಮೆ ಇವನನ್ನು ದೂರ ಮಾಡಿದ್ದಾಯಿತು. ಈಗ ಸುಮ್ಮನಿದ್ದು ಕಟ್ಟಿಹಾಕುವುದೇ? ಛೆ! ಹತ್ತಕ್ಕೆ ಒಂದು ನಿಮಿಷವಿರುವಾಗ ಚೀಟಿಯ ಕೆಳಗೆ 'ಹೋಗಬಹುದು' ಎಂದು ಬರೆದು ಮುಂದೆ ತಳ್ಳಿದಳು.

ಅವನು ಓದಿದ. ಮುಖ ಸಣ್ಣದಾಯಿತು. "ಸರಿ. ಸೂಜಿ ದಾರ ಎಲ್ಲ ಆ ಡಬ್ಬೀಲಿದೆ."

"ನಿಲ್ಲಿ. ಇನ್ನೊಂದು ಚೀಟಿ ಬಾಕಿ ಇದೆ."

ತನ್ನ ಡೈರಿಯಿಂದ ಹಳೆಯ ಚೀಟಿ ತೆಗೆದು, ಅವನೆದುರೇ 'ಹೂಂ' ಎಂದು ಬರೆದಳು.

"ಅವತ್ತು ಬೇಡ ಅಂತಲ್ಲ. ಹೆದರ್ಕೊಂಡೆ. ರೂಲಿನ ಹಿಂದೆ ಅಡಗಿ ಕೂತೆ. ನೀವು ಇಲ್ಲಿದ್ರೂ ಸರಿ, ಅಲ್ಲಿಗೆ ಹೋದ್ರೂ ಸರಿ, ನನಗೆ ನೀವು ಬೇಕು."

ಬೈಂಡರ್ ಚೀಟಿಯನ್ನು ಬೆಳಕಿಗೆ ಹಿಡಿದು, ಹೊಲಿಗೆ ಪರೀಕ್ಷಿಸುವವನಂತೆ ಬಹಳ ಹೊತ್ತು ನೋಡಿದ.

"ಇದು ನಡೆಯಲ್ಲ ಮೇಡಂ. ಟೈಮ್ ಮುಗಿದು ಮೂರು ತಿಂಗಳಾಯ್ತು. ಹೊಸ ಚೀಟಿ ಹಾಕ್ಬೇಕು. ಈ ಸಲ ನೀವು."

ಅವಳು ಬರೆದಳು. 'ನನ್ನನ್ನು ಮದುವೆಯಾಗ್ತೀರಾ?' ಅವನು ಅದನ್ನು ಮಡಚಿ ಡ್ರಾಯರಿಗೆ ಹಾಕಿ ಮುಚ್ಚಿದ.

"ನಾಳೆ ಹತ್ತರೊಳಗೆ ಉತ್ತರ."

"ನಾಳೇನಾ?"

"ರೂಲ್ ಯಾರದ್ದು?"

ಜಗಳವಾಡುವ ಮುಖ ಅವಳಿಗೆಲ್ಲಿತ್ತು? "ಕಾಯ್ತೀನಿ," ಅಂದಳು, ಕಣ್ಣು ಒರೆಸಿಕೊಂಡು.

ಅವನು ಬಾಗಿಲವರೆಗೆ ಹೋದ. ಚಿಲಕದ ಮೇಲೆ ಕೈಯಿಟ್ಟು ನಿಂತ. ಒಳಗೆ ಹಾಳೆ ಮಡಚುತ್ತಿದ್ದ ಚಿಕ್ಕಮ್ಮನ ಕೈಯೂ ನಿಂತುಹೋಗಿತ್ತು. ಆಮೇಲೆ ಗಿರಕ್ಕನೆ ತಿರುಗಿ ಬಂದು ಡ್ರಾಯರ್ ಎಳೆದು, ನಿಂತುಕೊಂಡೇ ಗೀಚಿ ಅವಳ ಮುಂದಿಟ್ಟ. 'ಹೂಂ.'

"ನಿಮಗೆ ಕಾಯೋಕೆ ಬರಬಹುದು. ನನ್ನ ಕೈಲಿ ಇನ್ನು ಆಗಲ್ಲ."

"ಮತ್ತೆ ದೊಡ್ಡ ಪ್ರೆಸ್ಸು?"

"ಹೋಗಬಹುದು ಅಂತ ತಾನೇ ಬರ್ದಿದ್ದೀರ? ಹೋಗಲೇಬೇಕು ಅಂತ ಬರ್ದಿಲ್ವಲ್ಲ."

"ಅಬ್ಬಾ, ಇಬ್ಬರೂ ಸೇರಿ ನನ್ನ ಜೀವ ತೆಗೆದ್ರಿ," ಎಂದು ಚಿಕ್ಕಮ್ಮ ಎದ್ದು ಟೀಗೆ ನೀರಿಟ್ಟಳು.

ಬೈಂಡರ್ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು, ಮೂರು ತಿಂಗಳ ಮೇಲೆ ಅವಳೆದುರು ಕೂತ.