ಕಡಗದ ಮುಯ್ಯಿ

ಬೆಳಿಗ್ಗೆ ಎಂಟು ಗಂಟೆಗೆ ಮೆಣಸಿನಕಾಯಿ ಕಂಪನಿಯ ನಾಲ್ಕನೆಯ ಶೆಡ್ಡಿನ ಬಾಗಿಲ ಪಕ್ಕದ ಗೋಡೆಯಲ್ಲಿ ನಲವತ್ತೆರಡು ಧೃತಿಕಡಗಗಳು ಮೊಳೆಗಳಿಗೆ ತೂಗುಬಿದ್ದಿರುತ್ತಿದ್ದವು. ಒಳಗೆ ಬರುವ ಪ್ರತಿ ಹೆಂಗಸೂ ತನ್ನ ಸಂಖ್ಯೆಯ ಕಡಗವನ್ನು ಎಡಗೈಗೆ ಏರಿಸಿಕೊಳ್ಳಬೇಕು. ಮೂರು ನಿಮಿಷಕ್ಕೆ ಅದು ಬಣ್ಣ ತೋರಿಸುತ್ತದೆ. ಹಸಿರಾದರೆ ಮನಸ್ಸು ಗಟ್ಟಿಯಾಗಿದೆ. ಹಳದಿಯಾದರೆ ಅಲುಗಾಡುತ್ತಿದೆ. ಕೆಂಪಾದರೆ ಕುಸಿದಿದೆ.

ಆ ಸೋಮವಾರ ಇಪ್ಪತ್ತೇಳನೆಯ ಕಡಗ ಕೆಂಪಾಯಿತು. ಅದು ಫಕೀರವ್ವನದು. ಗಂಡ ತೀರಿಕೊಂಡ ಹದಿನಾಲ್ಕನೆಯ ದಿನಕ್ಕೆ ಅವಳು ಕೆಲಸಕ್ಕೆ ಮರಳಿದ್ದಳು. ಗಾಜಿನ ಬಳೆಗಳು ಹೋಗಿದ್ದ ಕೈಯಲ್ಲಿ ಈಗ ಆ ಕಡಗವೊಂದೇ ಇತ್ತು.

ಕಡಗದ ಕೆಲಸ ಸರಳ. ನಾಡಿಯ ಬಡಿತ, ಬೆವರಿನ ಉಪ್ಪು, ಬೆರಳಿನ ನಡುಕ, ದನಿಯ ಏರಿಳಿತ, ಈ ನಾಲ್ಕನ್ನು ಅಳೆದು ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕೊಡುತ್ತದೆ. ಅದಕ್ಕೆ ಧೃತಿಮಾನ ಎಂದು ಹೆಸರು. ನಲವತ್ತಕ್ಕಿಂತ ಕೆಳಗಿಳಿದರೆ ಕೆಂಪು. ಸತತ ಮೂರು ದಿನ ಕೆಂಪು ಬಂದವಳನ್ನು ಸುಗ್ಗಿ ಮುಗಿಯುವವರೆಗೆ ವಿಶ್ರಾಂತಿಗೆಂದು ಮನೆಗೆ ಕಳಿಸಬೇಕು. ಅರ್ಧ ಕೂಲಿ ಮನೆಗೇ ಬರುತ್ತದೆ, ಕಡಗವೂ ಅವಳ ಜೊತೆಗೆ ಮನೆಗೆ ಹೋಗುತ್ತದೆ. ಕಂಪನಿಯ ನಿಯಮ ಹಾಗಿತ್ತು.

ಕಂಪನಿಗೆ ಹೆಂಗಸರ ಮೇಲೆ ಪ್ರೀತಿ ಉಕ್ಕಿ ಈ ಕಡಗ ಬಂದದ್ದಲ್ಲ. ಶೆಡ್ಡಿನಲ್ಲಿ ಮೆಣಸಿನಕಾಯಿಯ ಘಾಟು ಹೀರುವ ಯಂತ್ರ ಹಾಕಿಸಿ ಎಂದು ಅವರು ಮೂರು ವರ್ಷ ಕೇಳಿದ್ದರು. ಕೊನೆಗೆ ಬಂದದ್ದು, ಘಾಟನ್ನು ತಡೆದುಕೊಳ್ಳುವ ಮನಸ್ಸು ಎಷ್ಟು ಗಟ್ಟಿ ಎಂದು ಅಳೆಯುವ ಯಂತ್ರ. ಹೊರೆ ಹೊರಿಸಿದವನ ಕೈಗೆ ಕಡಗವಿಲ್ಲ, ಹೊತ್ತವಳ ಕೈಗೆ ಇದೆ. ವಿಜ್ಞಾನ ಎಷ್ಟು ಮುಂದುವರಿದರೂ ಈ ಒಂದು ವಿಷಯದಲ್ಲಿ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನು ಆ ಕಾಲದಲ್ಲೂ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟನ್ನು ಕೈಯಿಂದಲೇ ಬಿಡಿಸುತ್ತಿದ್ದರೇ ಎಂದು ಕೇಳಬಹುದು. ಹೌದು. ಸುಕ್ಕುಸುಕ್ಕಾದ ಆ ಕಾಯಿಯನ್ನು ಎಷ್ಟೇ ಜಾಣ ಯಂತ್ರದ ಕೈಗೆ ಕೊಟ್ಟರೂ ಒಂದೋ ಸಿಪ್ಪೆ ಹರಿಯುತ್ತಿತ್ತು, ಇಲ್ಲವೇ ಬೀಜ ಉದುರುತ್ತಿತ್ತು. ಚಂದ್ರನ ಮೇಲೆ ಮನೆ ಕಟ್ಟುವ ಯಂತ್ರಗಳು ಈ ತೊಟ್ಟಿನ ಮುಂದೆ ಸೋತಿದ್ದವು.

ಮಂಗಳವಾರವೂ ಇಪ್ಪತ್ತೇಳು ಕೆಂಪಾಯಿತು.

“ನಾಳೆ ಒಂದಿನ ಕೆಂಪಾದ್ರ ಮುಗೀತು. ಮನಿಗಿ ಹೋಗು ಅಂತಾರ,” ಎಂದಳು ಫಕೀರವ್ವ. ಅವಳ ಬೆರಳುಗಳು ಮಾತ್ರ ತೊಟ್ಟು ಮುರಿಯುತ್ತಲೇ ಇದ್ದವು. “ಮನ್ಯಾಗ ಏನೈತಿ? ಅವನ ಚಪ್ಲಿ ಅದಾವ, ನಾ ಅದೇನಿ. ಎಲ್ಡೂ ಎದುರುಬದುರು ಕುಂತು ನೋಡಬೇಕು. ಇಲ್ಲೆ ಕುಂತ್ರ ನಿಮ್ಮ ಹಾಳು ಮಾತಾದ್ರೂ ಕೇಳಸ್ತಾವ.”

ಎದುರು ಕುಳಿತಿದ್ದ ಮಾಬೂಬಿ ಶೆಡ್ಡಿಗೆಲ್ಲ ಹಿರಿಯಳು. ಅವಳು ಮೂಗು ಒರೆಸಿಕೊಂಡು ಕೈ ಚಾಚಿದಳು.

“ತಾ ಇಲ್ಲಿ ಅದನ್ನ.”

“ಏನನ್ನ?”

“ಕಡಗ. ಕೈ ಬಾತಾಗ ನನ್ನ ರಾಶಿ ನೀ ಬಿಡಸಿದ್ದಿಲ್ಲೇನ? ಮುಯ್ಯಿ ತೀರಸ್ತೀನಿ. ನಾಳೆ ನಿಂದು ನಾ ಹಾಕ್ಕೋತೀನಿ, ನಂದು ನೀ ಹಾಕ್ಕೋ.”

“ನಿಂದು ಕೆಂಪಾಗತೈತಲ್ಲ ಆಯಿ?”

“ಒಂದಿನ ಆಗ್ಲಿ. ನಾಡಿದ್ದು ದ್ಯಾಮವ್ವನ ಕಡಗ ಹಾಕ್ಕೋ. ಆಮ್ಯಾಲೆ ಶಿವಲೀಲಾಂದು. ನಲವತ್ತೊಂದು ಮಂದಿ ಅದೇವಿ. ನಿನ್ನ ದುಃಖ ಏನ್ ಅಷ್ಟು ದೊಡ್ಡದೈತೇನ, ನಮಗೆಲ್ಲ ಹಂಚಿದ್ರೂ ಉಳಿಯೋವಷ್ಟು?”

ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ, ಕೆಲಸಕ್ಕೆ ಕೆಲಸವೆಂದು ಮುಯ್ಯಾಳಾಗಿ ಹೋಗುವ ಊರುಗಳಿಂದ ಬಂದವರು ಅವರು. ದುಡಿಮೆ ಹಂಚಿಕೊಂಡಂತೆ ಕಡಗ ಹಂಚಿಕೊಂಡರು. ಇದು ಮೋಸ ಎಂದು ಒಬ್ಬಳಿಗೂ ಅನ್ನಿಸಲಿಲ್ಲ.

ಕಡಗ ಮಾಡಿದವರು ಡಾ. ಕಾಂತರಾಜೇ ಅರಸ್, ಮೈಸೂರು ಕಡೆಯ ಯುವ ವಿಜ್ಞಾನಿ. ಧರಿಸಿದವರು ಯಾರೆಂದು ಗುರುತಿಸುವ ಚರ್ಮಮುದ್ರೆಯನ್ನೂ ಅವರು ಕಡಗದೊಳಗೆ ಇಟ್ಟಿದ್ದರು. ಮೆಣಸಿನಕಾಯಿಯ ಖಾರಕ್ಕೆ ಹೆಂಗಸರ ಮಣಿಕಟ್ಟು ಬಾತು, ಅದು ಯಾರನ್ನೂ ಗುರುತಿಸದೆ ದಿನವಿಡೀ ಕಿರುಚಿದ್ದರಿಂದ, ಅವರೇ ಆ ಭಾಗವನ್ನು ನಿಲ್ಲಿಸಿದ್ದರು. ಪ್ರಯೋಗಶಾಲೆಯಲ್ಲಿ ಯಾರೂ ಮೆಣಸಿನಕಾಯಿ ಬಿಡಿಸಿರಲಿಲ್ಲ.

ಒಂದು ತಿಂಗಳ ಅಂಕಿಗಳು ಕೈಗೆ ಬಂದಾಗ ಅರಸ್ ಕುರ್ಚಿಯಿಂದ ಎದ್ದು ನಿಂತರು. ನಾಲ್ಕನೆಯ ಶೆಡ್ಡಿನಲ್ಲಿ ದಿನಕ್ಕೆ ಒಬ್ಬಳೇ ಒಬ್ಬಳು ಕೆಂಪಾಗುತ್ತಿದ್ದಳು. ಮರುದಿನ ಅವಳು ಹಸಿರು, ಬೇರೊಬ್ಬಳು ಕೆಂಪು. ದುಃಖವೆಂಬುದು ನೆಗಡಿಯ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ, ಒಂದೇ ದಿನ ಇದ್ದು ಹೊರಟುಹೋಗುತ್ತಿದೆ! ಈ ವಿದ್ಯಮಾನಕ್ಕೆ ಅವರು ಶೋಕಸಂಚಾರ ಎಂದು ಹೆಸರಿಟ್ಟು, ಕಂಪನಿಯ ಸಭೆಯಲ್ಲಿ ಎರಡು ಗಂಟೆ ವಿವರಿಸಿದರು. ಸಭೆ ಕೂಡಲೇ ಪರಿಹಾರ ಹುಡುಕಿತು. ಸೋಂಕು ಎಂದಾದರೆ ಹೆಂಗಸರನ್ನು ಬೇರೆ ಬೇರೆ ಕೂರಿಸಬೇಕು, ಒಬ್ಬೊಬ್ಬಳಿಗೂ ಒಂದೊಂದು ಗಾಜಿನ ಗೂಡು.

ಗಾಜಿನ ಹಲಗೆಗಳನ್ನು ಹೊತ್ತ ಲಾರಿಯ ಹಿಂದೆಯೇ ಅರಸ್ ಶೆಡ್ಡಿಗೆ ಬಂದರು. ಒಳಗೆ ಕಾಲಿಟ್ಟ ಗಳಿಗೆಗೇ ಏಳು ಸಲ ಸೀನಿದರು.

“ಅರಸರು ಬಂದ್ರು, ತುತ್ತೂರಿ ತಾವೇ ಊದ್ಕೊಂಡು,” ಎಂದಳು ದ್ಯಾಮವ್ವ. ಶೆಡ್ಡು ನಕ್ಕಿತು.

“ನೋಡಿ ಅಮ್ಮ,” ಎಂದು ಅರಸ್ ಕಣ್ಣೊರೆಸಿಕೊಂಡು ಮಾತು ಶುರುಮಾಡಿದರು, “ನಿಮ್ಮಲ್ಲಿ ಒಂದು ವಿಚಿತ್ರ ಸಂಗತಿ ನಡೀತಾ ಇದೆ. ನಿಮ್ಮ ಒಳ್ಳೇದಕ್ಕೇ ಈ ಗಾಜು. ಒಬ್ಬರ ದುಃಖ ಇನ್ನೊಬ್ಬರಿಗೆ ತಾಗಬಾರದು.”

ಫಕೀರವ್ವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. ಗಾಜಿನ ಗೂಡಾದರೆ ಮನೆಗೂ ಶೆಡ್ಡಿಗೂ ಏನು ಅಂತರ? ತನ್ನೊಬ್ಬಳಿಗಾಗಿ ನಲವತ್ತೊಂದು ಮಂದಿ ಪಂಜರ ಸೇರುವುದೆಂದರೆ ಅದಕ್ಕಿಂತ ತಾನು ಹೊರಟುಹೋಗುವುದು ಮೇಲು. ಅವಳು ಎದ್ದು ನಿಂತಳು.

“ಸಾಹೇಬ್ರ, ದುಃಖ ನನ್ನೊಬ್ಬಾಕಿದು. ಇವ್ರು ದಿನಕ್ಕೊಬ್ರು ನನ್ನ ಕಡಗ ಹಾಕ್ಕೊಂಡು, ತಮ್ಮದು ನನಗ ಕೊಟ್ಟಾರ. ನನ್ನ ತೆಗದುಹಾಕ್ರಿ. ಗಾಜು ತಗೊಂಡು ಹೋಗ್ರಿ.”

ಅರಸ್ ಮೆಣಸಿನಕಾಯಿ ಚೀಲದ ಮೇಲೆ ಕುಸಿದು ಕೂತರು. “ಒಂದು ತಿಂಗಳ ಅಂಕಿಗಳು,” ಎಂದರು ಸಣ್ಣ ದನಿಯಲ್ಲಿ. “ಶೋಕಸಂಚಾರ. ಸಭೆಯಲ್ಲಿ ಹೇಳಿಬಿಟ್ಟೆ.”

“ಹೇಳಿದ್ದು ಸುಳ್ಳೇನಲ್ಲ ಬಿಡು ತಮ್ಮಾ,” ಎಂದಳು ಮಾಬೂಬಿ. “ದುಃಖ ದಾಟೈತಿ. ನಾವೇ ದಾಟಸೇವಿ. ನಿನ್ನ ಯಂತ್ರಕ್ಕ ಕೆಂಪು ಗೊತ್ತಾಗತೈತಿ, ಕೆಂಪು ಯಾಕಂತ ಗೊತ್ತಾಗತೈತೇನ? ಈಗ ನಿನ್ನ ಕಣ್ಣ ಕೆಂಪಾಗ್ಯಾವ. ಅದು ದುಃಖನೋ ಘಾಟೋ, ಹೇಳು ನೋಡೋಣ.”

ಅರಸ್ ಇನ್ನೊಮ್ಮೆ ಸೀನಿದರು. ಆಮೇಲೆ ಅಲ್ಲೇ ಕೂತು, ಕೈಯಲ್ಲಿದ್ದ ಪರದೆಯ ಮೇಲೆ ಮೂವತ್ತೊಂದು ದಿನದ ಕೆಂಪು ಕಡಗಗಳ ಧೃತಿಮಾನವನ್ನು ಸಾಲಾಗಿ ಜೋಡಿಸಿದರು. ಅವೆಲ್ಲ ಒಬ್ಬಳವೇ ಆಗಿದ್ದರೆ ಆ ಸಾಲು ಏನೋ ಹೇಳಬೇಕಲ್ಲ. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೊಂದು, ಇಪ್ಪತ್ತಾರು. ಒಂದು ದಿನ ಇಳಿದು ಎರಡು ದಿನ ಏರಿ, ಕೊನೆಯ ದಿನ ಮೂವತ್ತೊಂಬತ್ತು. ಅವರು ಬೇರೆ ಶೆಡ್ಡುಗಳ ಅಂಕಿ ತೆಗೆದರು. ನಿಯಮದಂತೆ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದವರು ಹನ್ನೊಂದು ಮಂದಿ. ಮೂರು ತಿಂಗಳಾದರೂ ಒಬ್ಬರೂ ಇಪ್ಪತ್ತೈದು ದಾಟಿರಲಿಲ್ಲ.

“ಇಲ್ಲಿ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಕಿ ಇದ್ದಕ್ಕಿದ್ದಂತೆ ಸ್ವಲ್ಪ ಹೊತ್ತು ಐವತ್ತಕ್ಕೆ ಏರಿದೆ,” ಎಂದರು ಅರಸ್. “ಅವತ್ತು ಏನು ಚಿಕಿತ್ಸೆ ಮಾಡಿದಿರಿ?”

ಹೆಂಗಸರು ಬೆರಳು ಮಡಿಚಿ ದಿನ ಎಣಿಸಿದರು.

“ಅವತ್ತು ದ್ಯಾಮಿ ಮ್ಯಾನೇಜರ್ ನಡಿಯೋದ ಮಾಡಿ ತೋರಿಸಿದ್ಲರಿ,” ಎಂದಳು ಶಿವಲೀಲಾ.

“ಮತ್ತೆ ತೋರಿಸ್ತೀರಾ?” ಅರಸ್ ಗಂಭೀರವಾಗಿಯೇ ಕೇಳಿದರು. ದ್ಯಾಮವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿ, ಚೀಲಗಳ ನಡುವೆ ಬಾತುಕೋಳಿಯಂತೆ ಹೋಗಿ ಬಂದಳು. ವಿಜ್ಞಾನಿಗೆ ನಗು ತಡೆಯಲಾಗಲಿಲ್ಲ, ಸೀನೂ ತಡೆಯಲಾಗಲಿಲ್ಲ.

ಅರಸ್ ಬರೆದ ವರದಿಯಲ್ಲಿ ಮೋಸ ಎಂಬ ಪದ ಇರಲಿಲ್ಲ. ನಾಲ್ಕನೆಯ ಶೆಡ್ಡಿನವರು ನನ್ನ ಪ್ರಯೋಗವನ್ನು ಸರಿಪಡಿಸಿದ್ದಾರೆ ಎಂದು ಬರೆದರು. ಫಕೀರವ್ವನ ಜಾಗ ಉಳಿಯಿತು. ಗಾಜು ವಾಪಸು ಹೋಯಿತು. ಘಾಟು ಹೀರುವ ಯಂತ್ರವೂ ಬಂತು. ಅದರ ಅವಶ್ಯಕತೆಯನ್ನು ಏಳು ಪುಟಗಳಲ್ಲಿ ಬರೆದ ಅರಸ್, ಹೆಂಗಸರು ಮೂರು ವರ್ಷ ಹೇಳಿದ್ದನ್ನೇ ಬರೆದಿದ್ದರು. ಆದರೆ ಅರಸ್ ಅವರ ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು.

ಕಡಗವೂ ಬದಲಾಯಿತು. ಹೊಸ ಕಡಗ ಕೆಂಪಾದರೆ ಮ್ಯಾನೇಜರನಿಗೆ ಸುದ್ದಿ ಹೋಗುವುದಿಲ್ಲ. ಹತ್ತಿರದಲ್ಲಿರುವ ನಾಲ್ಕು ಕಡಗಗಳು ಮೆಲ್ಲಗೆ ನಡುಗುತ್ತವೆ. ಅರಸ್ ಇದನ್ನು ನೆರೆನಡುಕ ಎಂದು ಕರೆದರು. ಕಂಪನಿ ಅದನ್ನು ನಗರಗಳ ಮೂವತ್ತು ಮಹಡಿಯ ಕಟ್ಟಡಗಳಿಗೆ ಮಾರತೊಡಗಿತು.

ಅಲ್ಲಿ ಯಾರೂ ನಿರೀಕ್ಷಿಸದ ತೊಂದರೆ ಎದುರಾಯಿತು. ಕಡಗ ನಡುಗುತ್ತಿತ್ತು, ನಾಲ್ಕು ಮಂದಿ ಬಂದು ಬಾಗಿಲ ಮುಂದೆ ನಿಲ್ಲುತ್ತಿದ್ದರು. ಅಷ್ಟೇ. ಮುಂದೇನು ಮಾಡಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಕೆಲವರು ‘ಧೈರ್ಯವಾಗಿರಿ’ ಎಂದು ಹೇಳಿ ಲಿಫ್ಟು ಹತ್ತಿದರು. ದೂರುಗಳು ರಾಶಿಬಿದ್ದವು. ಬಳಸುವ ವಿಧಾನವನ್ನು ಕಲಿಸುವವರನ್ನು ಹುಡುಕಿಕೊಂಡು ಕಂಪನಿ ಕೊನೆಗೆ ನಾಲ್ಕನೆಯ ಶೆಡ್ಡಿಗೇ ಬರಬೇಕಾಯಿತು.

ಹೀಗೆ ಒಂದು ಗುರುವಾರ ಹುಬ್ಬಳ್ಳಿಯ ಕಟ್ಟಡವೊಂದರ ಇಪ್ಪತ್ತೆರಡನೆಯ ಮಹಡಿಗೆ ಫಕೀರವ್ವ ಹೋದಳು. ಮನೆ ಜಯತೀರ್ಥ ಎಂಬ ನಿವೃತ್ತ ವಿಮಾನ ಚಾಲಕರದು. ಹೆಂಡತಿ ತೀರಿಕೊಂಡ ಮೇಲೆ ಅವರ ಕಡಗ ಎಂಟು ತಿಂಗಳಿಂದ ಕೆಂಪಾಗಿಯೇ ಇತ್ತು. ನೆರೆಯ ನಾಲ್ವರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಫಕೀರವ್ವ ಹೊಳೆಯುವ ನೆಲದ ಮೇಲೆ ಒಂದು ಚೀಲ ಮೆಣಸಿನಕಾಯಿ ಸುರಿದಳು.

“ಕುಂದರ್ರಿ.”

“ಇದನ್ನು ಬಿಡಿಸಿದ್ರೆ ದುಃಖ ಕಡಿಮೆ ಆಗುತ್ತಾ?” ಜಯತೀರ್ಥರು ವ್ಯಂಗ್ಯವಾಗಿಯೇ ಕೇಳಿದರು.

“ಇಲ್ಲರಿ. ತೊಟ್ಟು ಕಡಿಮಿ ಆಗ್ತಾವ.”

ಐವರೂ ಕೂತರು. ಮೊದಲ ಅರ್ಧ ಗಂಟೆ ಬರೀ ಸೀನು. ಆಮೇಲೆ ಒಬ್ಬರ ತೊಟ್ಟು ಬಿಡಿಸುವ ಚಂದ ನೋಡಿ ಇನ್ನೊಬ್ಬರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಜಯತೀರ್ಥರು ತಾವು ಒಮ್ಮೆ ಮಂಜಿನಲ್ಲಿ ವಿಮಾನವನ್ನು ತಪ್ಪು ಊರಿನಲ್ಲಿ ಇಳಿಸಿದ ಕಥೆ ಹೇಳುತ್ತಿದ್ದರು. ಎಂಟು ತಿಂಗಳಲ್ಲಿ ಅದು ಅವರ ಮೊದಲ ಉದ್ದ ಮಾತು. ಅರ್ಧ ರಾಶಿ ಮುಗಿದಿತ್ತು. ಫಕೀರವ್ವ ಎದ್ದು ಸೆರಗು ಕೊಡವಿದಳು.

“ನಾಳೆ ಬರ್ತೀರಲ್ಲ?” ಎಂದು ಕೇಳಿದರು ಜಯತೀರ್ಥರು.

“ನಾ ಯಾಕ ಬರ್ಲಿರಿ? ಶೆಡ್ಡಿನಾಗ ನನ್ನ ಜಾಗ ಐತಿ, ನನ್ನ ಮಂದಿ ಅದಾರ. ನಾಳೆ ಇವ್ರು ಬರ್ತಾರ. ಅರ್ಧ ರಾಶಿ ಹಂಗಽ ಉಳದೈತಲ್ಲ, ಯಾರು ಬಿಡಸ್ಬೇಕು ಅದನ್ನ?”

ಅವಳು ಲಿಫ್ಟಿನ ಕಡೆ ನಡೆದಳು. ಹಿಂದಿನಿಂದ, ಒಂದೇ ಮಹಡಿಯಲ್ಲಿ ಆರು ವರ್ಷದಿಂದ ಇದ್ದ ಆ ಐವರು ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿಕೊಳ್ಳುತ್ತಿದ್ದುದು ಕೇಳಿಸಿತು.